ಹೊಗೆಕೊಳವೆಯೊಳಗಿನ ಮೂಗು



ಅಂಕೋಲೆಯ ಪೇಟೆಯಲ್ಲಿ ಎಂಜಿನ್ ಚಾಲೂ ಇಟ್ಟುಕೊಂಡೇ ನಿಂತಿರುವ ಹಳೆಯ ಕಾರಿನ ಹಿಂದೆ ಹಾದುಹೋದವರಿಗೆ ಹಸಿ ಪೆಟ್ರೋಲಿನ ವಾಸನೆ ಪರಿಚಿತ. ಹೊಗೆಕೊಳವೆಯ ಬಾಯಿಗೆ ಕಾಡಿಗೆಯಂತಹ ಮಸಿ ಹತ್ತಿರುತ್ತದೆ. ಮೈಲೇಜು ತಿಂಗಳಿಂದ ತಿಂಗಳಿಗೆ ಇಳಿಯುತ್ತದೆ. 'ಗಾಡಿಗೆ ವಯಸ್ಸಾಯಿತು' ಎಂದು ಮಾಲಿಕ ಸಮಾಧಾನಪಟ್ಟುಕೊಳ್ಳುತ್ತಾನೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ದಣಿದಿರುವುದು ಹೆಬ್ಬೆರಳಿನ ಗಾತ್ರದ ಒಂದು ಬಿಡಿಭಾಗ ಮಾತ್ರ. ಅದೇ ಆಮ್ಲಜನಕ ಸಂವೇದಕ. ಗ್ಯಾರೇಜಿನ ಭಾಷೆಯಲ್ಲಿ ಆಕ್ಸಿಜನ್ ಸೆನ್ಸರ್.

ಒಂದು ಗ್ರಾಂ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಕಡಿಮೆಯಾದರೆ ಅರೆಬೆಂದ ಇಂಧನ ಇಂಗಾಲದ ಮಾನಾಕ್ಸೈಡ್ ಆಗಿ ಹೊರಬೀಳುತ್ತದೆ; ಬಣ್ಣವಿಲ್ಲದ, ವಾಸನೆಯಿಲ್ಲದ ವಿಷವದು. ಗಾಳಿ ಹೆಚ್ಚಾದರೆ ಸಾರಜನಕದ ಆಕ್ಸೈಡುಗಳು ಶುದ್ಧಿಯಾಗದೆ ಉಳಿಯುತ್ತವೆ. ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಈ ಎರಡನ್ನೂ ಒಟ್ಟಿಗೆ ನಿಭಾಯಿಸುವುದು ಮಿಶ್ರಣವು ಆ ಹದದ ತೀರ ಸಮೀಪದಲ್ಲಿದ್ದಾಗ ಮಾತ್ರ. ಹದ ತಪ್ಪಿತೇ ಎಂದು ಕ್ಷಣಕ್ಷಣಕ್ಕೂ ಮೂಸಿ ನೋಡುವ ಮೂಗು ಈ ಸಂವೇದಕ. ಒಳಗೆ ಜಿರ್ಕೋನಿಯಾ ಎಂಬ ಪಿಂಗಾಣಿಯ ಬೆರಳಿದೆ. ಅದರ ಒಂದು ಬದಿಗೆ ಹೊಗೆ, ಇನ್ನೊಂದು ಬದಿಗೆ ಹೊರಗಿನ ಗಾಳಿ. ಎರಡು ಬದಿಗಳ ಆಮ್ಲಜನಕದ ವ್ಯತ್ಯಾಸದಿಂದ ಅಲ್ಪ ವಿದ್ಯುತ್ತು ಹುಟ್ಟುತ್ತದೆ: ಇಂಧನ ಹೆಚ್ಚಾದಾಗ ಸುಮಾರು 0.9 ವೋಲ್ಟ್, ಗಾಳಿ ಹೆಚ್ಚಾದಾಗ 0.1. ಎಂಜಿನ್ನಿನ ಗಣಕವು ಈ ಸಂಕೇತವನ್ನು ಓದಿ ಪೆಟ್ರೋಲನ್ನು ಏರಿಸಿ ಇಳಿಸುತ್ತಿರುತ್ತದೆ.

ಜರ್ಮನಿಯ ಬಾಷ್ ಸಂಸ್ಥೆ ರೂಪಿಸಿದ ಈ ಸಾಧನವು 1976ರಲ್ಲಿ ಸ್ವೀಡನ್ನಿನ ವೋಲ್ವೊ ಕಾರಿನಲ್ಲಿ ಮೊದಲು ಬಂದಿತು. ಕ್ಯಾಲಿಫೋರ್ನಿಯಾದ ಬಿಗಿಯಾದ ಹೊಗೆ ಕಾನೂನೇ ಅದಕ್ಕೆ ಕಾರಣ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕನ್ವರ್ಟರ್ ಕಡ್ಡಾಯವಾಯಿತು. ಸೀಸವು ಕನ್ವರ್ಟರನ್ನೂ ಸಂವೇದಕವನ್ನೂ ಕೊಲ್ಲುತ್ತದೆ. ಆದುದರಿಂದ 2000ದ ಫೆಬ್ರುವರಿ 1ರಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದುದು ಸಣ್ಣ ಸಂಗತಿಯೇನಲ್ಲ. ಹಿಂಬದಿಯಲ್ಲಿ 'ಎಂಪಿಎಫ್ಐ' ಎಂದು ಹೆಮ್ಮೆಯಿಂದ ಬರೆಸಿಕೊಂಡ ಮಾರುತಿ 800, ಓಮ್ನಿಗಳು ಮನೆಮನೆಗೆ ಬಂದದ್ದೂ ಆ ಬಳಿಕವೇ. ಘಟ್ಟದ ಮೇಲಿನ ಹಳ್ಳಿಗಳಲ್ಲಿ ಇಂದಿಗೂ ಓಡುತ್ತಿರುವ ಹಳೆಯ ಕಾರುಗಳಲ್ಲಿ ಅವೂ ಸೇರಿವೆ. ಕಾರ್ಬುರೇಟರಿನ ಗಾಡಿಗಳಿಗೂ ಹಳೆಯ ಡೀಸೆಲ್ ಜೀಪುಗಳಿಗೂ ಈ ಮಾತು ಅನ್ವಯಿಸದು.

ಸಂವೇದಕದ ಆಯುಷ್ಯ ಸಾಮಾನ್ಯವಾಗಿ ಒಂದು ಲಕ್ಷ ಕಿಲೋಮೀಟರಿನ ಆಸುಪಾಸು. ಕಾರವಾರದ ಕಡಲಗಾಳಿಯ ಉಪ್ಪು ಅದರ ತಂತಿಯ ಜೋಡಣೆಗಳನ್ನು ಇನ್ನೂ ಬೇಗನೆ ಕಿಲುಬು ಹಿಡಿಸುತ್ತದೆ. ಸಂಕೇತವು ಕೆಳಗೇ ನಿಂತುಬಿಟ್ಟರೆ ಗಣಕವು 'ಗಾಳಿ ಹೆಚ್ಚಾಗಿದೆ' ಎಂದು ಭ್ರಮಿಸಿ ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಅರಬೈಲು ಘಟ್ಟದ ಕಡಿದಾದ ಏರಿನಲ್ಲಿ ಪೂರ್ತಿ ತುಳಿದಾಗ ಬರುವ ವಾಸನೆ ಮಾತ್ರ ಇದಕ್ಕೆ ಪುರಾವೆಯಾಗದು. ಆಗ ಗಣಕವು ಬೇಕೆಂದೇ ಹೆಚ್ಚು ಇಂಧನ ಕೊಡುತ್ತದೆ, ಸಂವೇದಕದ ಮಾತನ್ನು ಕೇಳುವುದೇ ಇಲ್ಲ. ಕಾರವಾರ–ಅಂಕೋಲೆ ಹೆದ್ದಾರಿಯಲ್ಲಿ ಸಮವೇಗದಲ್ಲಿ ಓಡುವಾಗಲೂ, ನಿಂತಲ್ಲಿಯೂ ವಾಸನೆಯಿದ್ದರೆ ಶಂಕಿಸಬೇಕು.

ಇಲ್ಲಿ ನಡೆಯುವ ಅನ್ಯಾಯವೊಂದಿದೆ. ಸುಟ್ಟ ಸಂವೇದಕದ ಕಾರಿಗೆ ಎಳೆತ ಕಡಿಮೆಯಾಯಿತೆಂದು ಕೆಲವೆಡೆ ಕನ್ವರ್ಟರಿನ ಒಳಭಾಗವನ್ನೇ ಒಡೆದು ತೆಗೆಯುತ್ತಾರೆ. ಒಳಗಿನ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳು ಗುಜರಿಗೆ ಹೋಗುತ್ತವೆ, ವಿಷವೆಲ್ಲ ಊರಿನ ಗಾಳಿಗೆ. ಮೆಕ್ಯಾನಿಕನೊಬ್ಬನನ್ನೇ ದೂರಿ ಫಲವಿಲ್ಲ. ಕೆಲವು ಸಾವಿರ ರೂಪಾಯಿಯ ಬಿಡಿಭಾಗ ಬೇಡವೆಂದವನು ಮಾಲಿಕನೇ ಆಗಿರುತ್ತಾನೆ. ವಾಯುಮಾಲಿನ್ಯ ತಪಾಸಣೆಯ ಚೀಟಿಯನ್ನು ಮುಂಗಾಜಿಗೆ ಸಿಕ್ಕಿಸುವ ಮೊದಲು ಒಮ್ಮೆ ಓದಬೇಕು. ಭಾರತ್ ಸ್ಟೇಜ್ 2 ಮತ್ತು 3ರ ಪೆಟ್ರೋಲ್ ಕಾರುಗಳಿಗೆ ನಿಂತ ಸ್ಥಿತಿಯಲ್ಲಿ ಮಾನಾಕ್ಸೈಡಿನ ಮಿತಿ ಶೇಕಡಾ 0.5. ಸಂಖ್ಯೆ ವರ್ಷದಿಂದ ವರ್ಷಕ್ಕೆ ಅದರತ್ತ ಏರುತ್ತಿದ್ದರೆ, ಉತ್ತೀರ್ಣವಾದರೂ ಕಾರು ಏನನ್ನೋ ಹೇಳುತ್ತಿದೆ.

ಬೆಟ್ಟದ ಜನ ಗಮನಿಸಬೇಕಾದ ಇನ್ನೊಂದು ವಿಷಯ ಬೆಂಕಿ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದಾಗ ಅದು ಕೆಂಪಗೆ ಕಾಯುತ್ತದೆ, ಒಳಗಿನ ಪಿಂಗಾಣಿ ಕರಗುವುದೂ ಉಂಟು. ಅಂತಹ ಕಾರನ್ನು ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಸೊಪ್ಪಿನ ಬೆಟ್ಟದ ಅಂಚಿನ ತರಗೆಲೆಯ ಮೇಲೆ, ಒಣಹುಲ್ಲಿನ ಮೇಲೆ ನಿಲ್ಲಿಸಿದರೆ ಕಿಡಿಯೇ ಬೇಕಿಲ್ಲ. ಬೀಡಿ ಎಸೆದವನನ್ನು ಹುಡುಕುವ ಊರು ನಿಲ್ಲಿಸಿದ ಕಾರಿನ ಹೊಟ್ಟೆಯ ಕೆಳಗೆ ನೋಡುವುದು ಅಪರೂಪ.

ಇನ್ನು ಬದಲಾಯಿಸುವ ಕ್ರಮ. ಮೊದಲು ಮೂಗನ್ನೇ ದೂರಬಾರದು. ಹೊಗೆಕೊಳವೆಯ ಜೋಡಣೆ ಸೋರಿ ಹೊರಗಾಳಿ ಒಳನುಗ್ಗಿದರೂ, ಸ್ಪಾರ್ಕ್ ಪ್ಲಗ್ ಉರಿಸದಿದ್ದರೂ ಸಂವೇದಕ ತಪ್ಪು ಹೇಳುತ್ತದೆ. ಎಂಜಿನ್ ಕಾದ ಬಳಿಕ ಡಿಜಿಟಲ್ ಮಲ್ಟಿಮೀಟರಿನಲ್ಲಿ ವೋಲ್ಟೇಜು ಮೇಲೆ ಕೆಳಗೆ ಓಲಾಡದೆ ಒಂದೆಡೆ ನಿಂತಿದ್ದು, ಈ ದೋಷಗಳೂ ಇಲ್ಲವೆಂದು ಖಚಿತವಾದರೆ ಮಾತ್ರ ಕಳಚಬೇಕು. ಎಂಜಿನ್ ಆರಿಸಿ, ಕೈಸುಡದಷ್ಟು ತಣಿಯಲು ಬಿಟ್ಟು, ತುಕ್ಕು ಬಿಡಿಸುವ ಎಣ್ಣೆಯನ್ನು ತಿರುಪಿಗೆ ಹಾಕಿ ಕಾಯಬೇಕು. ಕರಾವಳಿಯ ಗಾಡಿಗಳಲ್ಲಿ ಇದಕ್ಕೆ ಒಂದು ರಾತ್ರಿಯನ್ನೇ ಕೊಡುವುದು ಲೇಸು. ಆತುರಪಟ್ಟರೆ ಕೊಳವೆಯ ಮರೆಯೇ ಕಿತ್ತುಬರುತ್ತದೆ. ಹೊಸದನ್ನು ಕೂರಿಸುವಾಗ ಅಂಟು ತಡೆಯುವ ಲೇಪನ ಮರೆಗೆ ಮಾತ್ರ. ತುದಿಗೆ ತಾಗಿದರೆ ಅದು ಅಲ್ಲಿಯೇ ಕುರುಡಾಗುತ್ತದೆ. ತಂತಿಯ ಜೋಡಣೆಗೆ ಗ್ರೀಸ್ ಹಚ್ಚಬಾರದು. ಅನೇಕ ಸಂವೇದಕಗಳು ಹೊರಗಿನ ಗಾಳಿಯನ್ನು ತಂತಿಯ ಎಳೆಗಳ ನಡುವಿನಿಂದಲೇ ಸೇದಿಕೊಳ್ಳುತ್ತವೆ.

ಕಳಚಿದ ಹಳೆಯದನ್ನು ಎಸೆಯುವ ಮುನ್ನ ಅದರ ತುದಿಯನ್ನು ನೋಡಬೇಕು. ಕಪ್ಪು ಮಸಿಯಿದ್ದರೆ ಇಂಧನ ಅತಿಯಾಗಿತ್ತು. ಸುಣ್ಣದಂತೆ ಬಿಳಿಯಾಗಿದ್ದರೆ ಎಂಜಿನ್ನಿನೊಳಗೆ ಕೂಲಂಟ್ ಸೋರುತ್ತಿರಬಹುದು, ಇಲ್ಲವೇ ಸಿಲಿಕೋನ್ ಅಂಟು ಬಳಸಿರಬಹುದು. ಅದನ್ನು ಸರಿಪಡಿಸದಿದ್ದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಶಾಲೆಯ ಪ್ರಯೋಗಾಲಯಕ್ಕೂ ಈ ಹಳೆಯ ಬಿಡಿಭಾಗ ಒದಗುತ್ತದೆ. ಅದನ್ನು ಇಕ್ಕಳದಲ್ಲಿ ಹಿಡಿದು, ಶಿಕ್ಷಕರ ಸಮ್ಮುಖದಲ್ಲಿ, ತುದಿಯನ್ನು ಗ್ಯಾಸ್ ಟಾರ್ಚಿನ ಜ್ವಾಲೆಗೆ ಒಡ್ಡಿ ತಂತಿಗೆ ಮೀಟರ್ ಜೋಡಿಸಬೇಕು. ಜೀವವಿದ್ದರೆ ನಿಮಿಷದೊಳಗೆ ಅರ್ಧ ವೋಲ್ಟಿಗೂ ಮೇಲೇರಿ, ಜ್ವಾಲೆ ಸರಿಸಿದೊಡನೆ ಇಳಿಯುತ್ತದೆ. ಸತ್ತದ್ದಾದರೆ ಎಷ್ಟು ಕಾಯಿಸಿದರೂ ಅಂಕಿ ಕದಲುವುದಿಲ್ಲ.