ಹೋರಿಯ ಹಬ್ಬ
ಶ್ರೀಮಠದ ಮಹೋತ್ಸವದ ಸಭೆಯಲ್ಲಿ ಓದಿದ ಉಪನ್ಯಾಸ



ಶಾಸ್ತ್ರವಿಚಾರವೂ ಶಿವಾನುಭವವೂ ನಡೆಯತಕ್ಕ ಮಂಟಪದಲ್ಲಿ ಹೋರಿಯ ಓಟದ ಮಾತನ್ನೆತ್ತುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ವೃಷಭವೆಂಬ ಶಬ್ದವೇ ಕನ್ನಡದ ಬಾಯಲ್ಲಿ ಬಸವನೆಂದಾಯಿತೆಂಬುದನ್ನು ನೆನೆದರೆ ಈ ವೈಚಿತ್ರ್ಯವು ಕರಗುವುದು. ಕಲ್ಯಾಣದ ಮಹಾಪುರುಷನ ಹೆಸರೂ, ಬಳ್ಳಿಗಾವಿಯ ಕೇದಾರೇಶ್ವರನ ಎದುರಿಗೆ ಮಲಗಿರುವ ಕಲ್ಲಿನ ನಂದಿಯ ಹೆಸರೂ, ಬಡವನ ಕೊಟ್ಟಿಗೆಯ ಎತ್ತಿನ ಹೆಸರೂ ಒಂದೇ ಆಗಿರುವ ನಾಡು ಇದು. ಅಲ್ಲಮಪ್ರಭುವಿನ ಬಳ್ಳಿಗಾವಿಯೂ, ಅಕ್ಕಮಹಾದೇವಿಯ ಉಡುತಡಿಯೂ ಶಿಕಾರಿಪುರದ ತಾಲ್ಲೂಕಿನಲ್ಲಿಯೇ ಇವೆ. ಅಂತಹ ಸೀಮೆಯ ಒಕ್ಕಲು ಮಕ್ಕಳು ವರ್ಷಕ್ಕೊಮ್ಮೆ ಬಸವನನ್ನು ಓಡಿಸಿ, ತಾವು ಬಿದ್ದು, ಊರನ್ನು ನಗಿಸುವ ಆಟದ ವಿಷಯವೇ ಇಂದಿನ ಉಪನ್ಯಾಸ.

ದೀಪಾವಳಿಗೆ ಇಲ್ಲಿ ದೊಡ್ಡಹಬ್ಬವೆಂದು ಹೆಸರು. ಬಲಿಪಾಡ್ಯಮಿಯ ಬೆಳಿಗ್ಗೆ ದನಕರುಗಳ ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡುಹೂವಿನ ಮಾಲೆಯಿಕ್ಕಿ, ಎಡೆಯಿಟ್ಟು, ಆರತಿಯೆತ್ತುವರು. ರಾತ್ರಿಯಾಯಿತೆಂದರೆ ಸೊರಬದ ಕಡೆಯ ಹಳ್ಳಿಗಳಲ್ಲಿ ಅಂಟಿಕೆ-ಪಂಟಿಕೆಯವರು ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವರು. ಇಷ್ಟೆಲ್ಲ ಸೌಮ್ಯವಾದ ಪೂಜೆಯ ಬೆನ್ನಿಗೇ ಬರುವುದು ಹೋರಿ ಬೆದರಿಸುವ ಹಬ್ಬ. ನಿನ್ನೆ ಕಾಲಿಗೆ ಬಿದ್ದು ನಮಸ್ಕರಿಸಿದ ಬಸವಣ್ಣನಿಗೆ ಇಂದು ದಾರಿ ಬಿಟ್ಟು ಓಡುವ ಪ್ರಸಂಗ! ಮೊದಲಾದದ್ದು ಈ ಊರಲ್ಲಾದರೆ ಮುಂದಿನ ವಾರ ಆ ಊರಲ್ಲಿ. ಹೀಗೆ ಸುಗ್ಗಿಯ ಕಾಲದವರೆಗೂ ಸರದಿಯ ಮೇಲೆ ನಡೆಯುವುದುಂಟು. ಸೊರಬಕ್ಕೆ ತಾಗಿದ ಹಾನಗಲ್ಲಿನವರೂ, ಶಿಕಾರಿಪುರಕ್ಕೆ ತಾಗಿದ ಹಿರೇಕೆರೂರಿನವರೂ ಈ ಆಟದಲ್ಲಿ ಸಮಪಾಲಿಗರು. ಜಿಲ್ಲೆಯ ಗಡಿ ಮನುಷ್ಯರಿಗೆ. ಹೋರಿಗೆ ಅದರ ಪರಿವೆಯಿಲ್ಲ.

ಆಟದ ಕ್ರಮವು ಬಹಳ ಸರಳ. ಊರ ಬಯಲಿನಲ್ಲೋ ಬೀದಿಯಲ್ಲೋ ಎರಡು ಕಡೆಗೂ ಗಳು ಬಿಗಿದು ಒಂದು ಓಣಿಯನ್ನು ಮಾಡುವರು; ಇದೇ ಅಖಾಡ. ಹೋರಿಯ ಕೊರಳಿಗೂ ಕೋಡಿಗೂ ಕೊಬ್ಬರಿಯ ಸರಗಳನ್ನು ಬಿಗಿಯಾಗಿ ಕಟ್ಟಿರುವರು. ಮೈಮೇಲೆ ಜೂಲು, ಕಾಲಿಗೆ ಗೆಜ್ಜೆ, ಕೋಡಿನ ತುದಿಗೆ ಗೊಂಡೆ. ಓಣಿಯ ಬಾಯಲ್ಲಿ ಹಗ್ಗ ಸಡಿಲಿಸಿದೊಡನೆ ಜನರ ಕೇಕೆಗೂ ಪಟಾಕಿಯ ಸದ್ದಿಗೂ ಹೋರಿಯು ಬಾಣದಂತೆ ಹಾಯುವುದು. ಎರಡೂ ಕಡೆಯ ತರುಣರು ಹಾರಿ ಹಾರಿ ಕೊಬ್ಬರಿಯನ್ನು ಹರಿಯಲೆತ್ನಿಸುವರು. ಒಂದು ಸರವನ್ನೂ ಕೊಡದೆ ಪಾರಾದ ಹೋರಿಗೆ ಬಹುಮಾನ. ಕೊಬ್ಬರಿ ಹರಿದವನಿಗೂ ಬಹುಮಾನ. ಕೊಬ್ಬರಿ ಹೋರಿಯಲ್ಲದೆ ಪೀಪಿ ಹೋರಿಯೆಂಬ ಇನ್ನೊಂದು ಬಗೆಯುಂಟು. ಅದರ ಮೇಲೆ ಬಣ್ಣದ ಕಾಗದ, ಬಲೂನುಗಳನ್ನು ಕಟ್ಟಿದ ಎತ್ತರವಾದ ಶೃಂಗಾರವನ್ನು ನಿಲ್ಲಿಸಿರುವುದರಿಂದ, ದೂರದಿಂದ ನೋಡಿದವನಿಗೆ ಒಂದು ಚಿಕ್ಕ ತೇರೇ ಹಗ್ಗ ಹರಿದುಕೊಂಡು ಬಂದಂತೆ ಕಾಣುವುದು.

ಹೋರಿ ಸಾಕುವ ಮನೆಯಲ್ಲಿ ಹೋರಿಗಿರುವ ಉಪಚಾರವು ಮನೆಯ ಯಜಮಾನನಿಗೂ ಇಲ್ಲ. ಹುರುಳಿ ಬೇಯಿಸುವುದು ಅದಕ್ಕೆ, ಹಿಂಡಿ ನೆನೆಹಾಕುವುದು ಅದಕ್ಕೆ, ಕೆರೆಯಲ್ಲಿ ಈಜಾಡಿಸಿ ಮೈಯುಜ್ಜುವುದು ಅದಕ್ಕೆ. ಮಗನ ಶಾಲೆಯ ಶುಲ್ಕಕ್ಕೆ ನಾಳೆ ನಾಡಿದ್ದೆನ್ನುವ ಗೃಹಸ್ಥನು ಹೋರಿಯ ಗೆಜ್ಜೆಗೆ ಅಂದೇ ಹಣ ತೆರುವನು. ಗೃಹಿಣಿಯರು ಇದನ್ನು ಕುರಿತು ಆಡುವ ಮಾತುಗಳು ಈ ಮಂಟಪದಲ್ಲಿ ಆಡತಕ್ಕವಲ್ಲ. ಆದರೂ ಹಬ್ಬದ ದಿನ ಹೋರಿಯ ಹಣೆಗೆ ಮೊದಲು ಕುಂಕುಮವಿಡುವವರೂ, ಅದು ಮನೆಗೆ ಮರಳುವವರೆಗೆ ಒಳಗೂ ಹೊರಗೂ ತಿರುಗುವವರೂ ಅವರೇ.

ಇಂತಹ ಹಬ್ಬದ ಸುತ್ತ ಕಥೆಗಳು ಬೆಳೆಯದಿರುತ್ತವೆಯೇ? ಜಗಲಿಯ ಮೇಲೆ ಕುಳಿತು ಅಡಿಕೆ ಕತ್ತರಿಸುವ ಹಿರಿಯರನ್ನು ಕೆಣಕಿದರೆ ಸಾಕು. ಹುರುಳಿಯನ್ನೂ ಬೆಲ್ಲವನ್ನೂ ತಿಂದು ಆನೆಮರಿಯಂತಾದ ಹೋರಿಯೊಂದು ಅಖಾಡಕ್ಕೆ ಬಂದ ಕಥೆಯನ್ನು ಅವರು ಹೇಳುವರು. ಕೂಗು ಹಾಕುವವನು ಅದು ಸಿಡಿಲೆಂದೂ ಮಿಂಚೆಂದೂ ವರ್ಣಿಸುತ್ತಿರುವಾಗಲೇ, ಅದು ನಾಲ್ಕು ಹೆಜ್ಜೆ ಗಂಭೀರವಾಗಿ ನಡೆದು, ಬೇಲಿಯ ಪಕ್ಕದಲ್ಲಿದ್ದ ಹುಲ್ಲಿನ ಬಣವೆಯನ್ನು ಕಂಡು, ಅಲ್ಲಿಯೇ ನಿಂತು ಮೇಯತೊಡಗಿತಂತೆ. ಮಿಂಚು ಹುಲ್ಲು ತಿನ್ನುತ್ತಿರುವುದನ್ನು ಅಷ್ಟು ಜನರೂ ನೋಡಿದರು. ಕೊಬ್ಬರಿ ಹರಿಯಲು ಬಂದ ತರುಣರಿಗೂ ಕೈಹಾಕಲು ನಾಚಿಕೆಯಾಯಿತು. ಊಟಕ್ಕೆ ಕುಳಿತವರ ಜೇಬಿಗೆ ಕೈಹಾಕುವುದುಂಟೇ?

ಇನ್ನೊಬ್ಬ ಶೂರನು ಹಾರಿದ್ದು ಕೊಬ್ಬರಿಗೆ. ಕೈಗೆ ಕೊಬ್ಬರಿ ಬರಲಿಲ್ಲ. ಕೋಡಿಗೆ ಅವನ ಪಂಚೆ ಹೋಯಿತು. ಹೋರಿಯು ಆ ವಿಜಯಧ್ವಜವನ್ನು ಹೊತ್ತು ಊರು ದಾಟಿತು. ಶೂರನು ಸಂಜೆಯವರೆಗೆ ಬಣವೆಯ ಮರೆಯಲ್ಲಿ ತಪಸ್ಸಿಗೆ ಕುಳಿತನು. ಮರುದಿನ ಹೋರಿಯ ಒಡೆಯನು ಪಂಚೆಯನ್ನು ಒಗೆಸಿ, ಮಡಿಸಿ, ಮೇಲೆ ಎಲೆ ಅಡಿಕೆಯಿಟ್ಟು, ಬೀಗರಿಗೆ ಉಡುಗೊರೆ ಕಳುಹಿಸಿದಂತೆ ಆಳಿನ ಕೈಯಲ್ಲಿ ಕಳುಹಿಸಿದನಂತೆ. ಅದನ್ನು ಸ್ವೀಕರಿಸುವುದೋ ತಿರಸ್ಕರಿಸುವುದೋ ಎಂಬ ಧರ್ಮಸೂಕ್ಷ್ಮವು ಆ ಊರಿನ ಕಟ್ಟೆಯ ಮೇಲೆ ಬಹುಕಾಲ ಚರ್ಚಿತವಾಯಿತು.

ಮಾವನ ಹೋರಿಯ ಕೊಬ್ಬರಿಯನ್ನು ಅಳಿಯನೇ ಹರಿದ ಕಥೆಯೂ ಇದೆ. ಎಲ್ಲರೆದುರಿಗೆ ಮಾವನು, "ಏನು ಅಳಿಯಂದಿರೇ, ಮಗಳನ್ನು ಕೊಟ್ಟದ್ದು ಸಾಲದಾಯಿತೇ?" ಎಂದನಂತೆ. ಅಳಿಯನು ತಲೆ ತಗ್ಗಿಸಿ, "ಮಾವನವರೇ, ಮಗಳನ್ನು ನೀವಾಗಿ ಕೊಟ್ಟಿರಿ, ಇದೊಂದನ್ನಾದರೂ ನಾನಾಗಿ ಸಂಪಾದಿಸಬೇಡವೇ?" ಎಂದನು. ಆ ವರ್ಷ ಮಗಳು ತವರಿಗೆ ಬಂದಾಗ ಯಾರ ಪಕ್ಷ ವಹಿಸಿದಳೆಂಬುದನ್ನು ಹಿರಿಯರು ಒಬ್ಬೊಬ್ಬರು ಒಂದೊಂದು ಬಗೆಯಾಗಿ ಹೇಳುತ್ತಾರೆ.

ಆದರೆ ಹೇಳುವವರ ಧ್ವನಿಯೇ ಬದಲಾಗುವ ಕಥೆಯೊಂದಿದೆ. ಅಖಾಡವನ್ನು ದಾಟಿದ ಹೋರಿಯೊಂದು ಗಾಬರಿಯಲ್ಲಿ ಗದ್ದೆಗೆ ನುಗ್ಗಿ, ಹಗ್ಗ ಹಿಡಿದ ಹತ್ತು ಜನರನ್ನು ಹತ್ತಿರ ಬರಗೊಡಲಿಲ್ಲ. ಕತ್ತಲಾಗುತ್ತ ಬಂದಿತು. ಆಗ ಅದನ್ನು ಕರುವಿನಿಂದ ಸಾಕಿದ ಮುದುಕಿಯೊಬ್ಬಳು ಮೊರದಲ್ಲಿ ತೌಡು ಹಿಡಿದು, "ಎಲ್ಲಿ ಅಲೆಯಲಿಕ್ಕೆ ಹೋಗಿದ್ದೀಯೋ ನನ್ನಪ್ಪಾ, ಹೊತ್ತು ಮುಳುಗಿತು, ಮನೆಯಿಲ್ಲವೇನೋ ನಿನಗೆ?" ಎಂದು ಮೊಮ್ಮಗನನ್ನು ಗದರುವಂತೆ ಗದರುತ್ತ ಬದುವಿನ ಮೇಲೆ ಬಂದಳು. ಹತ್ತು ಜನರನ್ನು ಬೆದರಿಸಿದ ಆ ಪ್ರಾಣಿಯು ತಲೆ ತಗ್ಗಿಸಿ ಅವಳ ಹಿಂದೆ ನಡೆಯಿತು. ಬೆದರಿದ್ದು ಹೋರಿಯೆಂಬುದು ಆ ಹತ್ತು ಜನರಿಗೆ ಹೊಳೆದಿರಲಿಲ್ಲ, ಮುದುಕಿಗೆ ಹೊಳೆದಿತ್ತು.

ಹಿಂದೆ ಹೋರಿಗಳ ಹೆಸರು ಬಣ್ಣದ ಮೇಲೆ ಹೋಗುತ್ತಿದ್ದವು: ಕರಿಯ, ಕೆಂದ, ಬಿಳಿಯ, ಬಲವಿದ್ದರೆ ಭೀಮ. ಈಗ ಚಲನಚಿತ್ರಗಳ ಬಿರುದುಗಳು ಬಂದಿವೆ. ಡಾನ್ ಎಂಬವನೂ ರಾಕ್‌ಸ್ಟಾರ್ ಎಂಬವನೂ ಮೂಗುದಾರ ಹಾಕಿಕೊಂಡು ಹಿಂಡಿ ತಿನ್ನುವುದನ್ನು ಈ ಸೀಮೆಯಲ್ಲಿ ನೋಡಬಹುದು. ತಮಿಳುನಾಡಿನಿಂದ ಲಕ್ಷಗಟ್ಟಲೆ ಕೊಟ್ಟು ತಂದ ಹೋರಿಗಳೂ ಇವೆ. ಒಂದು ಟವಲು, ಒಂದು ತೆಂಗಿನಕಾಯಿ ಬಹುಮಾನವಾಗಿದ್ದ ಕಡೆ ಮೋಟಾರ್ ಸೈಕಲ್ಲು, ಬಂಗಾರಗಳು ಬಂದು ನಿಂತಿವೆ. ಊಳುವ ಕೆಲಸವನ್ನು ಟ್ರ್ಯಾಕ್ಟರೂ ಟಿಲ್ಲರೂ ವಹಿಸಿಕೊಂಡ ಮೇಲೆ ಅನೇಕ ಮನೆಗಳಲ್ಲಿ ಗಂಡುಕರುವನ್ನು ಉಳಿಸಿಕೊಳ್ಳುವುದಕ್ಕೆ ಈ ಹಬ್ಬವೊಂದೇ ಕಾರಣವಾಗಿದೆ ಎಂಬುದನ್ನು ಮಾತ್ರ ಹಗುರವಾಗಿ ಕಾಣಲಾಗದು. ನೊಗ ಹೊರದ ಬಸವನಿಗೆ ಇಂದಿನ ಲೆಕ್ಕಾಚಾರದ ಮನೆಯಲ್ಲಿ ಬೇರೆ ಸ್ಥಳವೆಲ್ಲಿ?

ಓಟಕ್ಕಾಗಿ ಎತ್ತನ್ನು ಮೆಚ್ಚುವುದು ಕನ್ನಡನಾಡಿಗೆ ಹೊಸದಲ್ಲ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆನಿಸಿ, ಟಿಪ್ಪುವಿನ ಕಾಲಕ್ಕೆ ಅಮೃತಮಹಲೆಂದು ಹೆಸರಾದ ದನದ ತಳಿಯು ಫಿರಂಗಿಗಳನ್ನೆಳೆದು ದಂಡಿನೊಡನೆ ದೌಡಾಯಿಸಿ ಕೀರ್ತಿ ಪಡೆಯಿತು. ಉತ್ತರದ ಜಿಲ್ಲೆಗಳಲ್ಲಿ ಕಾರಹುಣ್ಣಿಮೆಯಂದು ಕರಿ ಹರಿಯುವ ಎತ್ತುಗಳಲ್ಲಿ ಯಾವ ಬಣ್ಣದ್ದು ಮುಂದಾಯಿತೆಂಬುದರ ಮೇಲೆ ಆ ವರ್ಷದ ಬೆಳೆಯನ್ನು ಊಹಿಸುವರು. ಕರಾವಳಿಯಲ್ಲಿ ಕೆಸರುಗದ್ದೆಯ ಕೋಣಗಳ ಕಂಬಳ. ಶಿಕಾರಿಪುರ, ಸೊರಬಗಳಲ್ಲಿ ಇದಕ್ಕಿಂತಲೂ ಹಳೆಯದಾದ ಒಂದು ಸಾಕ್ಷ್ಯವಿದೆ. ಅದು ಊರೂರಿನ ಕೆರೆಯ ಏರಿಯ ಮೇಲೂ ಗುಡಿಯ ಹಿಂದೆಯೂ ನಿಂತಿರುವ ವೀರಗಲ್ಲುಗಳು. ರೈಸ್ ಸಾಹೇಬರು 1902ರಲ್ಲಿ ಶಿಕಾರಿಪುರದ ಶಾಸನಗಳನ್ನೂ, 1904ರಲ್ಲಿ ಸೊರಬದ ಶಾಸನಗಳನ್ನೂ ಸಂಪುಟಗಳಾಗಿ ಅಚ್ಚುಹಾಕಿಸಿದಾಗ ತುರುಗೋಳಿನಲ್ಲಿ ಮಡಿದವರ ಕಲ್ಲುಗಳು ಅವುಗಳಲ್ಲಿ ಸೇರಿದವು. ಶತ್ರುಗಳು ಹೊಡೆದುಕೊಂಡು ಹೋಗುತ್ತಿದ್ದ ದನಗಳನ್ನು ಮರಳಿ ತರಲು ಓಡಿ, ಕಾದಿ, ಸತ್ತವರು ಅವರು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ದೇವಕನ್ನಿಕೆಯರು ವೀರನನ್ನು ಕೊಂಡೊಯ್ಯುವ ನೋಟ. ಎಲ್ಲಕ್ಕೂ ಮೇಲೆ ಶಿವಲಿಂಗ, ಅದರೆದುರು ನಂದಿ, ಪಕ್ಕದಲ್ಲಿ ಕೈಮುಗಿದು ಕುಳಿತ ವೀರ. ದನಕ್ಕಾಗಿ ಸತ್ತವನನ್ನು ಬಸವನ ಮಗ್ಗುಲಲ್ಲಿ ಕುಳ್ಳಿರಿಸಿದ ಶಿಲ್ಪಿಯ ಹೃದಯ ದೊಡ್ಡದು.

ಆ ಕಲ್ಲುಗಳ ಪಕ್ಕದಲ್ಲಿಯೇ ಈಗಿನ ಅಖಾಡಗಳು ನಡೆಯುತ್ತವೆ. ಆದುದರಿಂದಲೇ ಒಂದು ಕಠಿಣವಾದ ಮಾತನ್ನೂ ಆಡಬೇಕಾಗಿದೆ. 2022ರ ದೀಪಾವಳಿಯ ಬೆನ್ನಿಗೆ ಈ ಎರಡೂ ತಾಲ್ಲೂಕುಗಳಲ್ಲಿ ಹೋರಿಯ ತಿವಿತದಿಂದ ಪ್ರಾಣಹಾನಿಯಾಯಿತು. ಹಬ್ಬಕ್ಕೆಂದು ಮನೆಯಿಂದ ಹೊರಟವರು ಮರಳಲಿಲ್ಲ. ಅವರನ್ನು ಕುರಿತು ಜಗಲಿಯ ಮೇಲೆ ಯಾರೂ ಕಥೆ ಹೇಳುವುದಿಲ್ಲ. ನಗುವಿನ ಕಥೆಗಳೆಲ್ಲವೂ ಬಿದ್ದು ಎದ್ದವರವು. ಏಳದವನ ಮನೆಯಲ್ಲಿ ದೊಡ್ಡಹಬ್ಬವೆಂದರೆ ಬೇರೆಯೇ ಅರ್ಥ.

ನ್ಯಾಯಾಲಯದ ಕಟ್ಟೆಯನ್ನೂ ಈ ಬಗೆಯ ಆಟಗಳು ಹತ್ತಿವೆ. ಪ್ರಾಣಿಹಿಂಸೆಯನ್ನು ತಡೆಯುವ 1960ರ ಕಾಯಿದೆಯನ್ನು ಆಧರಿಸಿ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಜಲ್ಲಿಕಟ್ಟು, ಎತ್ತಿನ ಗಾಡಿಯ ಓಟ ಮೊದಲಾದವುಗಳನ್ನು ನಿಷೇಧಿಸಿತು. ಕರ್ನಾಟಕದ ಶಾಸನಸಭೆಯು 2017ರಲ್ಲಿ ತಿದ್ದುಪಡಿ ಮಾಡಿ ಕಂಬಳಕ್ಕೂ ಎತ್ತುಗಳ ಓಟಕ್ಕೂ ನಿಬಂಧನೆಗಳೊಡನೆ ಎಡೆಗೊಟ್ಟಿತು. ಐವರು ನ್ಯಾಯಾಧೀಶರ ಪೀಠವು 2023ರ ಮೇ 18ರಂದು ಆ ತಿದ್ದುಪಡಿಯನ್ನು ತಮಿಳುನಾಡು, ಮಹಾರಾಷ್ಟ್ರಗಳ ತಿದ್ದುಪಡಿಗಳೊಡನೆ ಎತ್ತಿಹಿಡಿಯಿತು. ಹಬ್ಬ ಉಳಿಯಿತೆಂದು ಹಲವರು ಸಂತೋಷಪಟ್ಟರು, ಸಂತೋಷವು ಸಹಜವೇ. ಆದರೆ ನ್ಯಾಯಾಲಯವು ಹಿಂಸೆಗೆ ಅಪ್ಪಣೆ ಕೊಟ್ಟಿತೆಂದು ಭಾವಿಸುವುದು ತೀರ್ಪನ್ನು ತಲೆಕೆಳಗಾಗಿ ಓದಿದಂತೆ. ಬಾಲ ತಿರುಚುವುದು, ಮೊಳೆಯಿಂದ ಚುಚ್ಚುವುದು, ಮದ್ಯ ಕುಡಿಸುವುದು ಯಾವ ತೀರ್ಪಿನಲ್ಲಿಯೂ ಹಬ್ಬವೆನಿಸದು. ಇವುಗಳಿಂದ ಓಡುವ ಹೋರಿಯು ಶೂರತನದಿಂದ ಓಡುವುದಲ್ಲ, ನೋವಿನಿಂದ ಓಡುವುದು. ನೋವಿನಿಂದ ಓಡುವ ಪ್ರಾಣಿಗೆ ಬೇಲಿ ಯಾವುದು, ಮನುಷ್ಯ ಯಾವುದು ಎಂದು ತಿಳಿಯದು. ಪ್ರಾಣಿಗೆ ಮಾಡಿದ ಕ್ರೌರ್ಯವು ಮನುಷ್ಯನ ಹೊಟ್ಟೆಗೆ ಕೋಡಾಗಿ ಬರುವ ಬಗೆ ಇದು.

ಕೊಬ್ಬರಿ ಹರಿಯುವವನಿಗಾದರೂ ತನ್ನ ಅಪಾಯದ ಅರಿವಿರುತ್ತದೆ. ಎಳೆಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಓಣಿಯ ತುದಿಯಲ್ಲಿ ನಿಂತವನಿಗೆ ಏನು ಹೇಳೋಣ? ಹೋರಿ ಓಡಿ ಮುಗಿಸುವ ಸ್ಥಳವೇ ಎಲ್ಲಕ್ಕಿಂತ ಅಪಾಯದ್ದು. ಅಲ್ಲಿ ಬೇಲಿ ಮುಗಿದಿರುತ್ತದೆ, ಪ್ರಾಣಿಯ ಗಾಬರಿ ಮುಗಿದಿರುವುದಿಲ್ಲ. ಬಹುಮಾನಕ್ಕೆ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಗಟ್ಟಿಯಾದ ಬೇಲಿಗೂ, ವೈದ್ಯರಿಗೂ, ಪಶುವೈದ್ಯರಿಗೂ ಮೀಸಲಿಡದ ಊರು ಹಬ್ಬ ಮಾಡದಿರುವುದೇ ಲೇಸು. ಬಂಗಾರದ ಉಂಗುರವಿಲ್ಲದಿದ್ದರೆ ಹೋರಿ ಮುನಿಯದು.

ಹೆಸರಿನ ವಿಷಯದಲ್ಲಿಯೂ ಒಂದು ಮಾತು. ಇದನ್ನು ಹೋರಿ ಬೆದರಿಸುವ ಹಬ್ಬವೆಂದು ಕರೆಯುವ ರೂಢಿ ಬಲವಾಗಿದೆ. ಬೆದರಿಸುವುದೆಂಬ ಕ್ರಿಯಾಪದವನ್ನು ಬಸವನೆಂಬ ನಾಮಪದದ ಪಕ್ಕದಲ್ಲಿಡುವಾಗ ಭಕ್ತನ ನಾಲಗೆ ತುಸು ತಡವರಿಸಬೇಕು. ಹೋರಿಹಬ್ಬವೆಂದು ಕರೆಯುವ ಊರುಗಳೂ ಇವೆ. ಆ ಹೆಸರಿಗೆ ಏನೂ ಕೊರತೆಯಿಲ್ಲ.

ಆಟ ಮುಗಿದ ಸಂಜೆ ಹೋರಿಯು ಮನೆಗೆ ಮರಳುವ ನೋಟವನ್ನು ಪಟ್ಟಣದಿಂದ ಬಂದವರು ನೋಡದೆ ಹೋಗುತ್ತಾರೆ. ಅವರ ಬಸ್ಸು ಅಷ್ಟರಲ್ಲಿ ಹೊರಟಿರುತ್ತದೆ. ಬಾಗಿಲಲ್ಲಿ ಕಾಲಿಗೆ ನೀರು ಹೊಯ್ದು, ದೃಷ್ಟಿ ತೆಗೆದು, ಗೆಜ್ಜೆ ಬಿಚ್ಚುವರು. ಸೋತ ಹೋರಿಗೂ ಗೆದ್ದ ಹೋರಿಗೂ ಅದೇ ನೀರು, ಅದೇ ಆರತಿ. ಇನ್ನೊಂದು ಮನೆಯಲ್ಲಿ ಮೊಣಕೈ ತರಚಿಸಿಕೊಂಡ ಹುಡುಗನೊಬ್ಬನು ತಾನು ಹರಿದು ತಂದ ಕೊಬ್ಬರಿಯನ್ನು ತಾಯಿಯ ಮುಂದಿಡುವನು. ಅವಳು ಮೊದಲು ಬೈಯುವಳು, ಅನಂತರ ಗಾಯಕ್ಕೆ ಅರಿಸಿನ ಹಚ್ಚುವಳು, ಕಡೆಗೆ ಕೊಬ್ಬರಿಯನ್ನು ಚೂರು ಮಾಡಿ ಬೆಲ್ಲದೊಡನೆ ಮಕ್ಕಳ ಕೈಗೆ ಹಂಚುವಳು. ಒಂದು ಚೂರನ್ನು ತೆಗೆದಿಟ್ಟುಕೊಂಡು, ದೀಪ ಹಿಡಿದು, ಕೊಟ್ಟಿಗೆಯ ಕಡೆಗೆ ನಡೆಯುವಳು.