ಮಸ್ಕಿಯ ಬಂಡೆಯೂ ಖಾಲಿ ಫಿಲ್ಮೂ

ಲಿಂಗಸುಗೂರಿನ ನಮ್ಮ ಮನೆಯ ಅಟ್ಟದಲ್ಲಿದ್ದ ಹಳೆಯ ಕ್ಯಾಮೆರಾವನ್ನು ತಮ್ಮನ ಮಗಳು ಈಚೆಗೆ ಕೆಳಗಿಳಿಸಿ, “ದೊಡ್ಡಪ್ಪ, ಇದಕ್ಕ ಫಿಲ್ಮ್ ಹೆಂಗ ಹಾಕಬೇಕು?” ಎಂದು ಕೇಳಿದಳು. ನನಗೆ 1983ರ ಮಸ್ಕಿ ನೆನಪಾಯಿತು.

ಲಿಂಗಸುಗೂರು, ಸಿಂಧನೂರುಗಳ ನಡುವಿನ ಮಸ್ಕಿಯ ಶಾಸನವನ್ನು ಶ್ರೋತೃಗಳು ಬಲ್ಲರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರರ ಕಣ್ಣಿಗೆ ಬಿದ್ದ ಆ ಬರಹದಲ್ಲಿಯೇ ‘ದೇವಾನಾಂಪ್ರಿಯ’ನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮೊದಲು ದೊರೆತದ್ದು. ಎಂ.ಎ. ವಿದ್ಯಾರ್ಥಿಯಾಗಿದ್ದ ನಾನು ಎರವಲು ಕ್ಯಾಮೆರಾದೊಡನೆ ಅಲ್ಲಿಗೆ ಹೋದೆ. ಕಲ್ಲಿನ ಬರಹಕ್ಕೆ ಎದುರು ಬೆಳಕು ಬಿದ್ದರೆ ಅಕ್ಷರಗಳು ಅಡಗುತ್ತವೆ. ಓರೆಯಾಗಿ ಬಿದ್ದರೆ ಅಂಚಿನ ನೆರಳು ಮೂಡಿ ಎದ್ದು ಕಾಣುತ್ತವೆ. ಗೆಳೆಯನೊಬ್ಬ ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಹಾಯಿಸಿದ. ಮೂವತ್ತಾರು ಚಿತ್ರಗಳಾದವು. ಮೂವತ್ತೆಂಟಾದರೂ ಸನ್ನೆ ಸಲೀಸಾಗಿ ತಿರುಗುತ್ತಲೇ ಇತ್ತು! ಸಿಂಧನೂರಿನ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ತೆರೆದಾಗ ಫಿಲ್ಮಿನ ತುದಿ ಸುರುಳಿಗೆ ಸಿಕ್ಕಿಯೇ ಇರಲಿಲ್ಲ. ಅಂಕಿ ಎಣಿಸಿದ್ದು ಸನ್ನೆಯ ತಿರುವನ್ನು, ಫಿಲ್ಮಿನ ನಡೆಯನ್ನಲ್ಲ.

ಆದುದರಿಂದ ಹುಡುಗಿಗೆ ನಾನು ಹೇಳಿದ್ದು ಇಷ್ಟು. ಮೊದಲು ಫಿಲ್ಮಿಲ್ಲದೆಯೇ ಬೆನ್ನು ತೆರೆದು ಗುಂಡಿ ಒತ್ತು. ಬೆಳಕು ಮಿಂಚಿ ಮಾಯವಾಗಬೇಕು. ಬಳಿಕ ನೆರಳಿನಲ್ಲಿ ಕುಳಿತು, ಡಬ್ಬಿಯನ್ನು ಎಡಗಡೆ ಇರಿಸಿ, ನಾಲಗೆಯಂಥ ತುದಿಯನ್ನು ಬಲಗಡೆಯ ಸುರುಳಿಯ ಸೀಳಿನಲ್ಲಿ ತೂರಿಸು. ಎರಡೂ ಅಂಚಿನ ರಂಧ್ರಗಳು ಹಲ್ಲುಗಳಿಗೆ ಸಿಕ್ಕುವವರೆಗೆ ಮುಚ್ಚಳ ಹಾಕಬೇಡ. ಮುಚ್ಚಿದ ಮೇಲೆ ಎಡಗಡೆಯ ತಿರುಗಣಿಯಿಂದ ಸಡಿಲನ್ನು ಮೆಲ್ಲಗೆ ಬಿಗಿಮಾಡಿ, ಎರಡು ಬಾರಿ ಬರಿದೇ ಒತ್ತಿ ಮುಂದಕ್ಕೆ ಸಾಗಿಸು. ಆಗ ಆ ತಿರುಗಣಿ ತಾನಾಗಿ ಹಿಂದಕ್ಕೆ ತಿರುಗಬೇಕು. ಅದೊಂದೇ ನಂಬಬಹುದಾದ ಸಾಕ್ಷಿ. ನಾನು ಅಂದು ನೋಡದೆ ಹೋದದ್ದು ಅದನ್ನೇ. ಮುಗಿದ ಮೇಲೆ ತಳದ ಗುಂಡಿ ಒತ್ತಿ ಪೂರ್ತಿ ಹಿಂದಕ್ಕೆ ಸುತ್ತದೆ ತೆರೆದೆಯೋ, ಎಲ್ಲವೂ ಹಾಳು.

ಹಳೆಯ ಬೆಳಕುಮಾಪಕಗಳು ಪಾದರಸದ ಸೆಲ್ಲನ್ನು ಬೇಡುತ್ತವೆ. ಅದು ಈಗ ತಯಾರಾಗುವುದಿಲ್ಲ. ಚಿಂತೆಯಿಲ್ಲ: ನಮ್ಮ ಕಡೆಯ ಬಿಸಿಲಿಗೆ ನೂರರ ಫಿಲ್ಮಾದರೆ ಕಿಂಡಿ 16, ವೇಗ ಸೆಕೆಂಡಿನ 125ನೆಯ ಒಂದು ಭಾಗ. ಬಂಡೆಯ ನೆರಳಿಗೆ ಕಿಂಡಿಯನ್ನು ಮೂರು ಮೆಟ್ಟಿಲು ಹಿಗ್ಗಿಸಬೇಕು.

ಊಟಿಯಲ್ಲಿ 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮ್ ನಮ್ಮ ಕಾಲದಲ್ಲಿ ಸಿಗುತ್ತಿತ್ತು. ಕಾರ್ಖಾನೆ ಮುಚ್ಚಿದೆ, ಈಗಿನ ರೋಲು ದುಬಾರಿ. ಮೊದಲನೆಯದನ್ನು ಅಂಗಳದ ಬೇವಿನ ಮರದ ಮೇಲೆ ಕಳೆ, ಮಸ್ಕಿಗೆ ಒಯ್ಯಬೇಡ ಎಂದೆ. ಕೇಳಲಿಲ್ಲ. ಹೋದ ಭಾನುವಾರ ನಸುಕಿನಲ್ಲಿಯೇ ಹೊರಟುನಿಂತಳು. ಕನ್ನಡಿ ಹಿಡಿಯಲು ನಾನೂ ಹೋದೆ.