ಸರ್ವೆಯವರು ಬಾಗಿಲಿಗೆ ಬಂದಾಗ
(ತೋಟದ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಮಾತಾಡಬೇಕೆಂದಿರುವುದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ವಿಷಯ. ಹೆಸರು ದೊಡ್ಡದು, ಕೆಲಸ ಮಾತ್ರ ಮನೆಬಾಗಿಲಿನದು. ಇದನ್ನು ಖಾನೇಷುಮಾರಿಯೆಂದು ತಿಳಿಯಬೇಡಿರಿ. ಖಾನೇಷುಮಾರಿಯಲ್ಲಿ ಪ್ರತಿಯೊಂದು ತಲೆಯನ್ನೂ ಎಣಿಸುತ್ತಾರೆ. ಇಲ್ಲಿ ಕೆಲವು ಮನೆಗಳನ್ನು ಆರಿಸಿಕೊಂಡು, ಮಕ್ಕಳು ಎಷ್ಟು ಹುಟ್ಟಿದವು, ಎಷ್ಟು ಉಳಿದವು, ಹೆರಿಗೆ ಎಲ್ಲಾಯಿತು, ಚುಚ್ಚುಮದ್ದು ಹಾಕಿಸಿದಿರಾ ಎಂದು ವಿಚಾರಿಸುತ್ತಾರೆ. ಕೇಂದ್ರ ಆರೋಗ್ಯ ಮಂತ್ರಾಲಯಕ್ಕಾಗಿ ಮುಂಬಯಿಯ ಅಂತರರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಇದನ್ನು ಮೊದಲು ನಡೆಸಿದ್ದು 1992-93ರಲ್ಲಿ. 2019ರಿಂದ 2021ರವರೆಗೆ ನಡೆದ ಐದನೆಯ ಸಮೀಕ್ಷೆಯಲ್ಲಿ 6 ಲಕ್ಷ 36 ಸಾವಿರಕ್ಕೂ ಹೆಚ್ಚು ಮನೆಗಳಿಗೆ ಹೋದರು. 7 ಲಕ್ಷ 24 ಸಾವಿರ ಹೆಂಗಸರನ್ನು ಮಾತಾಡಿಸಿದರು.

ಅನ್ನ ಬೆಂದಿದೆಯೇ ಎಂದು ಒಂದು ಅಗುಳು ಹಿಸುಕಿ ನೋಡುತ್ತೇವಷ್ಟೆ. ಆದರೆ ಸೌದೆ ಒಲೆಯ ಮೇಲೆ ದೊಡ್ಡ ಹಂಡೆ ಇಟ್ಟವರಿಗೆ ಗೊತ್ತು, ತಳ ಸೀದಿರುತ್ತದೆ, ಮೇಲೆ ಇನ್ನೂ ಅಕ್ಕಿಯೇ. ಆದ್ದರಿಂದ ಒಂದೇ ಕಡೆಯ ಅಗುಳು ಸಾಲದು. ಆರಿಸಿದ ಹಳ್ಳಿಯಲ್ಲಿ ಮೊದಲು ಮನೆಗಳನ್ನೆಲ್ಲ ಪಟ್ಟಿ ಮಾಡಿ, ನಕ್ಷೆ ಬರೆದು, ಆ ಪಟ್ಟಿಯಿಂದ ಇಷ್ಟಿಷ್ಟು ಮನೆಗೊಂದರಂತೆ 22 ಮನೆಗಳನ್ನು ಗುರುತಿಸುತ್ತಾರೆ. ಗೌಡರ ಮನೆಯೆಂದು ಸೇರಿಸುವುದಿಲ್ಲ, ಗುಡಿಸಲೆಂದು ಬಿಡುವುದಿಲ್ಲ. ನಿಮ್ಮ ಮನೆಗೆ ಬೀಗವಿದ್ದರೆ ಮತ್ತೆ ಬರಬೇಕು. ಪಕ್ಕದ ಮನೆಯನ್ನು ಬದಲಿಗೆ ಹಿಡಿಯುವಂತಿಲ್ಲ. ನೀವು ಬಾಗಿಲು ತೆರೆಯದಿದ್ದರೆ ನಿಮ್ಮಂಥವರ ಪಾಲಿನ ಸ್ಥಳ ಖಾಲಿಯೇ ಉಳಿಯುತ್ತದೆ.

ರೊಳ್ಳದಂಥ ಊರನ್ನು ನೆನೆಸಿಕೊಳ್ಳಿರಿ. ಮಡಕಶಿರಾ ಸೀಮೆ, ಶಿರಾ ತಾಲ್ಲೂಕಿನ ಪಕ್ಕದ ಗಡಿ. ಹಿಂದೆ ಅನಂತಪುರ ಜಿಲ್ಲೆ. 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆ. ಸರ್ಕಾರದ ಕಾಗದ ತೆಲುಗು, ಅನೇಕ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಅಂಥ ಮನೆಗೆ ತೆಲುಗು ಮಾತ್ರ ಬಲ್ಲ ಹುಡುಗಿಯೊಬ್ಬಳು ಪ್ರಶ್ನೆಗಳನ್ನು ಹಿಡಿದು ಬಂದಳೆನ್ನಿ. ಸಂತೆಯಲ್ಲಿ ವ್ಯಾಪಾರ ಮಾಡುವಷ್ಟು ತೆಲುಗು ಎಲ್ಲರಿಗೂ ಬರುತ್ತದೆ. ಆದರೆ ಮುಟ್ಟಿನ ವಿಷಯ, ಗರ್ಭ ಇಳಿದ ವಿಷಯ, ಗಂಡ ಕೈಮಾಡಿದ ವಿಷಯ ಸಂತೆಯ ಮಾತಿನಲ್ಲಿ ಹೇಳಲಾದೀತೇ? ನಮ್ಮ ತೋಟದ ಲೈನುಗಳಲ್ಲಿಯೂ ಇದೇ ಪಾಡು. ಒಂದೇ ಸಾಲಿನಲ್ಲಿ ನಾಲ್ಕು ಭಾಷೆ.

ಇದನ್ನು ಸಮೀಕ್ಷೆ ಮಾಡುವವರೂ ಬಲ್ಲರು. ಪ್ರಶ್ನಾವಳಿ ಯಾವ ಭಾಷೆಯದು, ಮಾತು ನಡೆದದ್ದು ಯಾವ ಭಾಷೆಯಲ್ಲಿ, ಉತ್ತರ ಕೊಟ್ಟವರ ಮಾತೃಭಾಷೆ ಯಾವುದು, ನಡುವೆ ದುಭಾಷಿ ಇದ್ದರೇ ಎಂದು ಬರೆದುಕೊಳ್ಳುತ್ತಾರೆ. ಐದನೆಯ ಸಮೀಕ್ಷೆಗೆ 18 ಭಾಷೆಗಳಲ್ಲಿ ಪ್ರಶ್ನೆಗಳು ಸಿದ್ಧವಾಗಿದ್ದವು. ಆದುದರಿಂದ ಅಕ್ಕಂದಿರೇ, ತಿಳಿಯದಿದ್ದರೆ ತಲೆಯಾಡಿಸಬೇಡಿರಿ. "ನನ್ನ ಮಾತಿನಲ್ಲಿ ಕೇಳಮ್ಮ" ಎನ್ನಿರಿ. ದುಭಾಷಿಯಾಗಿ ಅತ್ತೆ ಕೂತುಕೊಳ್ಳುವುದು ಮಾತ್ರ ಬೇಡ.

ಅವರ ಪ್ರಶ್ನೆಗಳಲ್ಲಿ ಬಹಳ ಕಷ್ಟದ್ದು ಒಂದಿದೆ. ಮನೆಯಲ್ಲಿರುವ ಮಕ್ಕಳೆಷ್ಟು, ಬೇರೆ ಕಡೆ ಇರುವ ಮಕ್ಕಳೆಷ್ಟು ಎಂದು ಕೇಳಿದ ಮೇಲೆ, ಹುಟ್ಟಿ ತೀರಿಹೋದ ಮಗು ಉಂಟೇ, ಒಂದು ಸಲ ಅತ್ತು ಆಮೇಲೆ ಉಳಿಯದ ಕೂಸು ಉಂಟೇ ಎಂದು ಕೇಳುತ್ತಾರೆ. ನಮ್ಮಲ್ಲಿ ಆ ಕೂಸುಗಳ ಹೆಸರೆತ್ತುವುದಿಲ್ಲ. ಹೆಸರಿಡುವುದಕ್ಕೆ ಮುಂಚೆಯೇ ಮಣ್ಣಿಗಿಟ್ಟದ್ದೂ ಉಂಟು. ಆದರೆ ತಾಯಿ ಅದನ್ನು ಹೇಳದಿದ್ದರೆ ಆ ಮಗು ಹುಟ್ಟಲೂ ಇಲ್ಲ, ಸಾಯಲೂ ಇಲ್ಲ ಎಂದೇ ಲೆಕ್ಕ. ಮೊದಲನೆಯ ಸಮೀಕ್ಷೆಯಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 79 ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದವು, ಐದನೆಯದರಲ್ಲಿ 35. ಈ ಇಳಿತ ಗೊತ್ತಾದದ್ದು ಲಕ್ಷಾಂತರ ತಾಯಂದಿರು ಆ ಮಾತನ್ನು ಬಾಯಿಬಿಟ್ಟು ಹೇಳಿದ್ದರಿಂದಲೇ.

ಇನ್ನು ಭಯದ ಮಾತು. ಜನಸಂಖ್ಯೆ ಎಂದ ಕೂಡಲೆ ಹಿರಿಯರು 1975-77ರ ತುರ್ತು ಪರಿಸ್ಥಿತಿಯ ಬಲವಂತದ ಆಪರೇಷನ್ ನೆನೆಸಿಕೊಳ್ಳುತ್ತಾರೆ. ಆ ಭಯ ಸುಳ್ಳಲ್ಲ. ಆದರೆ ಸಮೀಕ್ಷೆಯವರು ಆಪರೇಷನ್ನಿಗೆ ಕರೆದೊಯ್ಯಲು ಬರುವವರಲ್ಲ. ನಿಮ್ಮ ಒಪ್ಪಿಗೆ ಕೇಳಿಯೇ ಶುರುಮಾಡಬೇಕು. ಬೇಡವೆನಿಸಿದ ಪ್ರಶ್ನೆಗೆ ಉತ್ತರ ಕೊಡದಿರಬಹುದು. ಹೆಸರು ಎಲ್ಲಿಯೂ ಅಚ್ಚಾಗುವುದಿಲ್ಲ. ಮೇಲಾಗಿ ಆಪರೇಷನ್ನಿನ ಭಾರ ಯಾರ ಮೇಲೆ ಬಿದ್ದಿದೆಯೆಂದು ಬಯಲಿಗೆ ತಂದದ್ದೂ ಇದೇ ಸಮೀಕ್ಷೆ. ಐದನೆಯ ಸಮೀಕ್ಷೆಯ ಹೊತ್ತಿಗೆ 15ರಿಂದ 49 ವರ್ಷದೊಳಗಿನ ವಿವಾಹಿತ ಹೆಂಗಸರಲ್ಲಿ ಆಂಧ್ರದಲ್ಲಿ ನೂರಕ್ಕೆ ಸುಮಾರು 70 ಮಂದಿ, ಕರ್ನಾಟಕದಲ್ಲಿ 57 ಮಂದಿ ಆಪರೇಷನ್ ಆದವರಾಗಿದ್ದರು. ಗಂಡಸರದು ನೂರಕ್ಕೆ ಒಂದೂ ಇರಲಿಲ್ಲ! ಇಲ್ಲಿ ಕೂತಿರುವ ಅಣ್ಣಂದಿರು ಈ ಅಂಕಿಯನ್ನು ಮನೆಗೆ ಕೊಂಡುಹೋಗಲಿ.

ಐದನೆಯ ಸಮೀಕ್ಷೆಯಲ್ಲಿ ಬೆರಳು ಚುಚ್ಚಿ ಒಂದು ತೊಟ್ಟು ರಕ್ತವನ್ನೂ ನೋಡಿದರು. ಆಂಧ್ರದಲ್ಲಿ ನೂರು ಹೆಂಗಸರಲ್ಲಿ 59 ಮಂದಿಗೆ, ಕರ್ನಾಟಕದಲ್ಲಿ 48 ಮಂದಿಗೆ ರಕ್ತ ಕಡಿಮೆಯೆಂದು ಆ ತೊಟ್ಟಿನಿಂದಲೇ ತಿಳಿಯಿತು. ಫಲಿತಾಂಶವನ್ನು ಅಲ್ಲಿಯೇ ಹೇಳಿದರು. ತೀರಾ ಕಡಿಮೆಯಿದ್ದವರಿಗೆ ಆಸ್ಪತ್ರೆಗೆ ಚೀಟಿ ಕೊಟ್ಟರು. ಅಂಥ ಚೀಟಿ ಸಿಕ್ಕರೆ ಮಡಿಕೆಯಲ್ಲಿ ಸಿಕ್ಕಿಸಿ ಮರೆಯಬೇಡಿರಿ.

ಕೂಲಿಗೆ ಊರು ಬಿಟ್ಟವರು "ನಾವು ಈ ಊರಿನವರಲ್ಲ, ಬಿಟ್ಟುಬಿಡಿ" ಎಂದು ಹೇಳಿ ಕಳುಹಿಸುವುದುಂಟು. ಕೈಸರನ ಕಾಲದ ಖಾನೇಷುಮಾರಿಗೆ ಯೋಸೇಫನು ತುಂಬುಗರ್ಭಿಣಿಯನ್ನು ಕರೆದುಕೊಂಡು ಬೇತ್ಲೆಹೇಮಿಗೆ ಹೋಗಬೇಕಾಯಿತು. ಈ ಸಮೀಕ್ಷೆಗೆ ಹಾಗಿಲ್ಲ. ಹಿಂದಿನ ರಾತ್ರಿ ಆ ಮನೆಯಲ್ಲಿ ಮಲಗಿದ್ದವರನ್ನೂ ಪಟ್ಟಿಗೆ ಸೇರಿಸುತ್ತಾರೆ. ಕಾಯಿ ಕೊಯ್ಯಲು ಬಂದು ತಂಗಿಯ ಲೈನ್ ಮನೆಯಲ್ಲಿ ಉಳಿದವಳೂ ಅದರಲ್ಲಿ ಸೇರುತ್ತಾಳೆ. ಅವಳ ಮಗುವಿನ ಚುಚ್ಚುಮದ್ದಿನ ಕಾರ್ಡನ್ನೂ ಕೇಳುತ್ತಾರೆ. ಕಾರ್ಡು ಇಲ್ಲದಿದ್ದರೆ ತಾಯಿಯ ನೆನಪೇ ಗತಿ. ಆದ್ದರಿಂದ ಬಟ್ಟೆಗಂಟು ಕಟ್ಟುವಾಗ, ರೇಷನ್ ಕಾರ್ಡಿನ ಜೊತೆಗೆ ತಾಯಿ ಕಾರ್ಡನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತನ್ನಿರಿ. ಮಲೆನಾಡಿನ ಮಳೆಗೆ ಕಾಗದ ನಿಲ್ಲುವುದಿಲ್ಲ.